ಹಿಂದಕ್ಕೆ ಚಾಚಿದ ಕೈ

ಈರುಳ್ಳಿ ಹೆಚ್ಚಿದರೂ ಕಿಟಕಿ ತೆಗೆಯುವ ಮನೆ ಅದು. ಅಂಥ ಮನೆಯ ಗಂಡ ಹೆಂಡತಿ ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು, ಕಾರಿನ ನೆತ್ತಿಗೆ ದೋಣಿ ಕಟ್ಟಿಕೊಂಡು ಮೀನು ಹಿಡಿಯಲು ಹೋಗುತ್ತಾರೆ ಅಂದರೆ ಜಯನಗರದ ಆ ಅಡ್ಡರಸ್ತೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವವರು ಯಾರು? ಎದುರುಮನೆಯಾಕೆಯಂತೂ ಆ ಮನೆಯ ಸತ್ಯಭಾಮಮ್ಮನ ಕೈಯಿಂದ ತಾಂಬೂಲ ತೆಗೆದುಕೊಳ್ಳುವಾಗಲೂ ಒಮ್ಮೆ ಮೂಗು ಅರಳಿಸಿ ನೋಡಿಕೊಳ್ಳುತ್ತಿದ್ದರು. ಹಿಡಿದ ಮೀನನ್ನ ಅಲ್ಲೇ ನೀರಿಗೆ ಬಿಟ್ಟು ಬರ್ತೀವಿ ಕಣ್ರೀ ಎಂದು ಎಷ್ಟು ಹೇಳಿದರೂ ನಂಬುವವರಿಲ್ಲ. ಬಿಡೋದಾದರೆ ಹಿಡಿಯೋದು ಯಾಕೆ ಎಂದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ ಅನ್ನಿ.

ಹುಚ್ಚು ಹಿಡಿಸಿದ್ದು ಗಂಡ ಶಾಮಣ್ಣನವರು. ಕಾಲೇಜಿನಲ್ಲಿ ಜೀವಮಾನವಿಡೀ ಗಣಿತ ಹೇಳಿ ನಿವೃತ್ತರಾದ ಮನುಷ್ಯ, ಬಂದ ದುಡ್ಡಿನಲ್ಲಿ ಹೆಂಡತಿಗೆ ಬಳೆ ಮಾಡಿಸುವುದು ಬಿಟ್ಟು ಇಬ್ಬರು ಕೂರುವ ಹಳದಿ ಬಣ್ಣದ ಕಯಾಕ್ ದೋಣಿ ತಂದು ಪೋರ್ಟಿಕೋದಲ್ಲಿ ಮಲಗಿಸಿದರು. ಸತ್ಯಭಾಮಮ್ಮ ಒಂದು ವಾರ ಮಾತು ಬಿಟ್ಟರು. ಎರಡನೇ ವಾರ ದೋಣಿ ಹತ್ತಿದರು. ಆಮೇಲೆ ಇಳಿದದ್ದೇ ಇಲ್ಲ. ಚಪಾತಿ ಹಿಟ್ಟು ಕಲಸಿದ ಕೈಯಲ್ಲೇ ಮೀನಿನ ಹಿಟ್ಟನ್ನೂ ಕಲಸುತ್ತಿದ್ದರು. ಗೋಧಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಬೆರೆಸಿ, ಮೇಲೆ ಚಿಟಿಕೆ ಇಂಗು. ಆ ಇಂಗಿನ ವಾಸನೆಗೆ ರೋಹು ಮೀನುಗಳು ಸಾಲುಗಟ್ಟುತ್ತವೆ ಎಂದು ಶಾಮಣ್ಣ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಕನಕಪುರ ರಸ್ತೆಯ ಒಳಗೆ ಒಂದು ಕೆರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರವೇ ಚಿಪ್ಸ್ ಪೊಟ್ಟಣ ತೆಗೆದುಕೊಂಡು ಊರಿಗೆ ಊರೇ ಬಂದು ಕೂರುತ್ತದೆ. ಕೆರೆಯ ಮೀನು ಗುತ್ತಿಗೆಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದರು. ದೋಣಿಯಲ್ಲಿ ಮುಂದಿನ ಸೀಟು ಹೆಂಡತಿಯದು, ಹಿಂದಿನದು ಗಂಡನದು. ಹುಟ್ಟು ಹಾಕುವುದು ಬಹುಪಾಲು ಶಾಮಣ್ಣ. ಸತ್ಯಭಾಮಮ್ಮನಿಗೆ ಗಾಳಕ್ಕೆ ಹಿಟ್ಟು ಸಿಕ್ಕಿಸಲು ಎರಡೂ ಕೈ ಬೇಕಾದಾಗ, ಗಾಳದ ರಾಡನ್ನು ಎಡಭುಜದ ಮೇಲಿಂದ ಹಿಂದಕ್ಕೆ ಚಾಚಿ, "ರೀ, ಹಿಡ್ಕೊಳ್ಳಿ" ಎನ್ನುತ್ತಿದ್ದರು. ಶಾಮಣ್ಣ ಎಡಗೈಯವರು, ಅವರ ಕೈ ಅಲ್ಲೇ ಇರುತ್ತಿತ್ತು. ಮತ್ತೆ ಬೇಕಾದಾಗ ಬರಿಗೈ ಚಾಚಿ "ಕೊಡಿ" ಅಂದರೆ ರಾಡು ಅಂಗೈಗೆ ಬಂದು ಕೂರುತ್ತಿತ್ತು. ತಿರುಗಿ ನೋಡುವ ಮಾತೇ ಇಲ್ಲ. ದೋಣಿಯಲ್ಲಿ ಕೂತು ಹಿಂದೆ ತಿರುಗಿದರೆ ದೋಣಿ ವಾಲುತ್ತದೆ, ತಿರುಗಕೂಡದು ಎಂಬುದು ಮೇಷ್ಟ್ರ ಕಟ್ಟಪ್ಪಣೆ.

ಮಾಘಮಾಸದಲ್ಲಿ ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದ ಶಾಮಣ್ಣ ಬಚ್ಚಲಿನಿಂದ ಎದ್ದು ಬರಲಿಲ್ಲ. ಎದೆಬಡಿತ ನಿಂತುಹೋಗಿತ್ತು. ನೀರನ್ನು ಅಷ್ಟು ಹಚ್ಚಿಕೊಂಡ ಮನುಷ್ಯ ಕೆರೆ ಬಿಟ್ಟು ಬಕೆಟ್ಟಿನ ಪಕ್ಕ ಹೋದರಲ್ಲ ಎಂದು ಸತ್ಯಭಾಮಮ್ಮನಿಗೆ ದುಃಖದ ಜೊತೆಗೆ ಒಂದು ಸಿಟ್ಟೂ ಉಳಿದುಬಿಟ್ಟಿತು.

ಮಳೆಗಾಲ ಕಳೆದ ಮೇಲೆ ಆಕೆ ಮಗ ಮಯೂರನನ್ನು ಕಾಡಿ ಬೇಡಿ ದೋಣಿ ಇಳಿಸಿದರು. ಮಯೂರ್ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ, ಅಪ್ಪನ ಹಾಗಲ್ಲ, ನೀರು ಕಂಡರೆ ಆಗದು. ಒಬ್ಬರೇ ಮುಂದಿನ ಸೀಟಿನಲ್ಲಿ ಕೂತರೆ ದೋಣಿಯ ಮೂತಿ ನೀರಿಗೆ ಮುಳುಗಿ ಹಿಂಭಾಗ ಎದ್ದು ನಿಲ್ಲುತ್ತದೆ. ಅದಕ್ಕೆ ಕೆರೆ ಕಾಯುವ ಗೂಳಪ್ಪ ದೊಡ್ಡದೊಂದು ಕ್ಯಾನಿಗೆ ನೀರು ತುಂಬಿ ಹಿಂದಿನ ಸೀಟಿಗೆ ಕಟ್ಟಿಕೊಟ್ಟ. ಎಲ್ಲ ಸರಿಯಾಗಿಯೇ ಇತ್ತು. ಕೆರೆಯ ಮಧ್ಯೆ ಹಿಟ್ಟು ಸಿಕ್ಕಿಸುವ ಹೊತ್ತಿಗೆ ಸತ್ಯಭಾಮಮ್ಮ ಅಭ್ಯಾಸಬಲದಿಂದ ರಾಡನ್ನು ಹಿಂದಕ್ಕೆ ಚಾಚಿ "ರೀ, ಹಿಡ್ಕೊಳ್ಳಿ" ಎಂದು ಕೈ ಬಿಟ್ಟರು. ರಾಡು ಕ್ಯಾನಿಗೆ ಟಣ್ಣೆಂದು ಬಡಿದು ನೀರಿಗೆ ಬಿತ್ತು. ಅದು ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ಗಂಡ ಕೊಡಿಸಿದ್ದು. ದಡಕ್ಕೆ ಬರುವಾಗ ಆಕೆ ಅಳುತ್ತಿದ್ದರು, ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ಆ ದಿನವೇ ಮಯೂರ್ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟ. ಹೊಸೂರು ಕಡೆಯವರೊಬ್ಬರು ದೋಣಿ ಕೇಳುತ್ತಿದ್ದಾರೆ, ಕೊಟ್ಟುಬಿಡೋಣ. ಇವತ್ತು ರಾಡು ಹೋಯ್ತು, ನಾಳೆ ನೀನು ಹೋದರೆ? ಸತ್ಯಭಾಮಮ್ಮ ಬೇಡಿಕೊಂಡರು. ಆ ಮನೆಯಲ್ಲಿ ಗಂಡನ ಕುರ್ಚಿಯ ಮೇಲೆ ನೆಂಟರು ಕೂತಾಗಿತ್ತು, ಅವರ ಶರ್ಟುಗಳು ಯಾರ್‍ಯಾರದೋ ಮೈಮೇಲೆ ಹೋಗಿದ್ದವು. ಹಾಗೇ ಉಳಿದದ್ದು ದೋಣಿಯೊಂದೇ. ಕೊನೆಗೆ ಮಯೂರ್ ಒಂದು ಮಾತಿಗೆ ಒಪ್ಪಿದ. ರಾಡು ಸಿಕ್ಕಿಸಿಡೋ ಹೋಲ್ಡರ್ ಹಾಕಿಸೋಣ, ಇನ್ನೊಂದು ಸಲ ಹೋಗು, ನಾನು ದಡದಲ್ಲಿ ನಿಂತು ನೋಡ್ತೀನಿ. ಒಬ್ಬಳೇ ಸಂಭಾಳಿಸಿದರೆ ದೋಣಿ ಇರಲಿ, ಇಲ್ಲದಿದ್ದರೆ ಮಾರಿಬಿಡೋದು.

ಬಿಟಿಎಂ ಲೇಔಟಿನ ಒಳಗೆ ಬಸವಂತನ ಶೆಡ್ಡಿದೆ. ಬಾಗಲಕೋಟೆ ಕಡೆಯವನು. ಒಡೆದ ನೀರಿನ ಟ್ಯಾಂಕು, ಬಿರುಕು ಬಿಟ್ಟ ಬಂಪರು ಬೆಸೆಯುವುದು ಅವನ ಕಸುಬು, ಕಯಾಕುಗಳು ಈಚೆಗೆ ಬಂದು ಸೇರಿಕೊಂಡವು. ಅವನು ಮೇಜಿನ ಮೇಲೆ ನಾಲ್ಕಾರು ಬಗೆಯ ಹೋಲ್ಡರು ಹರವಿದ. ಒಂದು, ದೋಣಿಯ ಮೈಯೊಳಗೇ ಹುಗಿದು ಕೂರಿಸುವ ಕೊಳವೆ. ಅಗ್ಗ, ಗಟ್ಟಿ, ಆದರೆ ಒಂದೇ ಕೋನದಲ್ಲಿ ನಿಲ್ಲುತ್ತದೆ. ಇನ್ನೊಂದು, ಕತ್ತು ತಿರುಗುವ ತೋಳಿನಂಥದ್ದು, ಬೇಕಾದ ಕಡೆ ಬಗ್ಗಿಸಿ ಚಿಲಕ ಹಾಕಬಹುದು. ಮತ್ತೊಂದು ಅಂಚಿಗೆ ಕಚ್ಚಿಸುವ ಕ್ಲಾಂಪು, ತೂತಿನ ರಗಳೆಯಿಲ್ಲ, ಆದರೆ ದೊಡ್ಡ ಮೀನು ಎಳೆದರೆ ಕ್ಲಾಂಪು ಸಮೇತ ಹೋಯಿತು. ತೋಳಿನದನ್ನೇ ಮುಂದೆ, ಮೊಣಕಾಲಿನ ಆಚೆ ಹಾಕಿಸಿಕೊಳ್ಳಿ ಎಂದು ಅವನ ಸಲಹೆ. ಕಣ್ಣೆದುರಿಗೇ ಇರುತ್ತದೆ, ಹುಟ್ಟಿಗೂ ತಗಲುವುದಿಲ್ಲ, ಒಳಗಿನಿಂದ ಪಟ್ಟಿ ಕೊಟ್ಟು ಸ್ಟೀಲ್ ನಟ್ಟು ಬಿಗಿದು ಸೀಲಂಟ್ ಬಳಿದರೆ ಹನಿ ನೀರೂ ಇಳಿಯದು.

ಜಾಗ ಗುರುತು ಮಾಡಲು ಅವನದೊಂದು ಕ್ರಮವಿತ್ತು. ದೋಣಿಯ ನಡುವಿಗೆ ಸರಿಯಾಗಿ ಕೆಳಗೆ ಲಾರಿಯ ಹಳೇ ಟೈರು ಇಟ್ಟು, ನೀರಿನ ಮೇಲಿದ್ದಂತೆ ತೂಗಾಡಲು ಬಿಡುತ್ತಿದ್ದ. ಗಿರಾಕಿ ಕೂತು, ಕಣ್ಣು ಮುಚ್ಚಿ, ರಾಡನ್ನು ಇಡಬೇಕೆನಿಸಿದ ಕಡೆ ಚಾಚಬೇಕು. ಕೈ ಎಲ್ಲಿಗೆ ತಾನಾಗಿ ಹೋಗುತ್ತದೋ ಅಲ್ಲೇ ಹೋಲ್ಡರು. ಯೋಚನೆ ಮಾಡಿ ಹಾಕಿಸಿಕೊಂಡ ಜಾಗ ನೀರಿನಲ್ಲಿ ಮರೆತುಹೋಗುತ್ತದಂತೆ. ಸತ್ಯಭಾಮಮ್ಮ ಮುಂದಿನ ಸೀಟಿನಲ್ಲಿ ಕೂತೊಡನೆ ಮೂತಿ ದಪ್ಪೆಂದು ನೆಲಕ್ಕೆ ಬಡಿಯಿತು. ಬಸವಂತ ನಗುತ್ತ ಮೂಲೆಯಲ್ಲಿದ್ದ ಸಿಮೆಂಟು ಕಲ್ಲನ್ನು ತಂದು ಹಿಂದಿನ ಸೀಟಿಗೆ ಇಟ್ಟ. ದೋಣಿ ಸಮವಾಯಿತು. ಆಕೆ ಕಣ್ಣು ಮುಚ್ಚಿದರು. ಕೈ ಸೀದಾ ಎಡಭುಜದ ಮೇಲಿಂದ ಹಿಂದಕ್ಕೆ ಹೋಯಿತು.

ಬಸವಂತನಿಗೆ ಇದು ಒಂದಿಷ್ಟೂ ಸೇರಲಿಲ್ಲ. "ಅಕ್ಕಾರ, ಹಿಂದ ಬ್ಯಾಡ್ರಿ. ಏನಾಗತೈತಿ ಅಂತ ಕಾಣೂದಿಲ್ಲ, ನೋಡಾಕ ತಿರುಗಿದ್ರ ದೋಣಿ ಮಗಚತೈತಿ" ಎಂದ. ಸತ್ಯಭಾಮಮ್ಮ ಜಗ್ಗಲಿಲ್ಲ. ಕಣ್ಣು ಮುಚ್ಚಿದರೆ ಕೈ ಹೋದ ಕಡೆಯೇ ಹಾಕುವುದು ಎಂದವನು ನೀನೇ ತಾನೇ ಎಂದು ಅವನ ಮಾತನ್ನೇ ಅವನಿಗೆ ತಿರುಗಿಸಿದರು. ತೋಳಿನದು ಬೇಡ, ಕೊಳವೆಯೇ ಸಾಕು, ಹಿಂದಿನ ಸೀಟಿನ ಎಡಕ್ಕೆ ಹುಗಿದುಬಿಡು. ಬಸವಂತ ಒಲ್ಲದ ಮನಸ್ಸಿನಿಂದ ಪೆನ್ಸಿಲಿನಲ್ಲಿ ಒಂದು ಸುತ್ತು ಗೆರೆ ಎಳೆದ. ಹೀಗೆ ಎಲ್ಲ ಬಿಟ್ಟು, ಒಂದು ಖಾಲಿ ಸೀಟಿನ ಮಗ್ಗುಲಿಗೆ ಜಾಗ ಗೊತ್ತುಮಾಡಿದ್ದಾಯಿತು.

ಶನಿವಾರ ಸಂಜೆ ಮಯೂರ್ ಹೋಗಿ ದೋಣಿಯನ್ನು ಕಾರಿಗೆ ಬೋರಲು ಕಟ್ಟಿಕೊಂಡು ಬಂದ. ಮರುದಿನ ಇನ್ನೂ ಮಬ್ಬುಗತ್ತಲಿರುವಾಗಲೇ ಕೆರೆಯ ದಡದಲ್ಲಿ ಇಳಿಸಿ, ಅಮ್ಮನಿಗೆ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಎರಡೆರಡು ಸಲ ಎಳೆದು ನೋಡಿ, ಕೂರಿಸಿ, ಕೈಗೆ ಹುಟ್ಟು ಮತ್ತು ಹೊಸದಾಗಿ ಕೊಂಡ ರಾಡು ಕೊಟ್ಟ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ದೋಣಿ ನೂಕಿದ. ಸತ್ಯಭಾಮಮ್ಮ ಹಿಂದಕ್ಕೆ ನೋಡಲಿಲ್ಲ. ಮೇಷ್ಟ್ರ ಅಪ್ಪಣೆ ಒಂದು ಕಾರಣ. ಹಿಂದಿನ ಸೀಟು ಖಾಲಿ ಇರುವುದನ್ನು ನೋಡುವ ಧೈರ್ಯ ಇರಲಿಲ್ಲ ಎನ್ನುವುದು ನಿಜವಾದ ಕಾರಣ.

ನೀರಿನ ಮೇಲೆ ತೆಳುವಾಗಿ ಮಂಜು ಕೂತಿತ್ತು. ದೋಣಿ ಅಲ್ಲಾಡದೆ, ತಕ್ಕಡಿ ಹಿಡಿದಂತೆ ಸಮನಾಗಿ ಹೋಗುತ್ತಿತ್ತು. ಹಿಟ್ಟು ಸಿಕ್ಕಿಸುವ ಹೊತ್ತು ಬಂತು. ಸತ್ಯಭಾಮಮ್ಮ ರಾಡನ್ನು ಎಡಭುಜದ ಮೇಲಿಂದ ಹಿಂದಕ್ಕೆ ಚಾಚಿದರು. ಬಾಯಿಗೆ ಬಂದ ಮಾತನ್ನು ತಡೆಯುವಷ್ಟರಲ್ಲಿ ಅದು ಹೊರಬಿದ್ದಿತ್ತು. ರೀ, ಹಿಡ್ಕೊಳ್ಳಿ. ಕೈ ಸಡಿಲಿಸಿದರು. ರಾಡು ಬೀಳಲಿಲ್ಲ. ಅವರ ಕೈಯಿಂದ ಮೆತ್ತಗೆ ಜಾರಿ ಹೋಗಿ ನಿಂತಿತು. ಬಸವಂತನ ಪೆನ್ಸಿಲು ಏನು ಕರಾರುವಾಕ್ಕಪ್ಪ ಎಂದುಕೊಂಡರು. ಕೊಳವೆಗೆ ತಗುಲಿದ ಟಕ್ಕೆಂಬ ಸದ್ದು ಮಾತ್ರ ಕೇಳಿಸಿರಲಿಲ್ಲ. ಅದು ಅವರ ಗಮನಕ್ಕೆ ಬಂತು, ಬಂದದ್ದನ್ನು ಅವರು ಪಕ್ಕಕ್ಕೆ ತಳ್ಳಿದರು.

ಹಿಟ್ಟಿನ ಉಂಡೆ ಸಿಕ್ಕಿಸಿ ಬರಿಗೈ ಚಾಚಿದರು. ರಾಡು ಅಂಗೈಗೆ ಬಂತು. ಅಂದು ಮೀನುಗಳಿಗೂ ಏನಾಗಿತ್ತೋ, ಒಂದರ ಹಿಂದೊಂದು ಬಂದು ಕಚ್ಚುತ್ತಿದ್ದವು. ಹಿಡಿದದ್ದನ್ನೆಲ್ಲ ಸವರಿ ನೀರಿಗೆ ಬಿಟ್ಟರು. ಕೊಟ್ಟರು, ತೆಗೆದುಕೊಂಡರು, ಮತ್ತೆ ಕೊಟ್ಟರು. ಎಷ್ಟೋ ತಿಂಗಳ ಮೇಲೆ ಸತ್ಯಭಾಮಮ್ಮನಿಗೆ ಖುಷಿಯಾಗಿತ್ತು. ಎದುರುಮನೆಯಾಕೆಯ ಸುದ್ದಿ, ಗ್ಯಾಸಿನವನು ಬಾರದ ಸುದ್ದಿ, ಮಯೂರನಿಗೆ ನೋಡಿದ ಹೆಣ್ಣಿನ ಸುದ್ದಿ, ಎಲ್ಲವನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾರೆಂಬುದು ಅವರಿಗೇ ತಿಳಿದದ್ದು ಬಹಳ ಹೊತ್ತಿನ ಮೇಲೆ. ಯಾರಿಗೆ ಹೇಳುತ್ತಿದ್ದೇನೆ ಎಂದು ಕೇಳಿಕೊಳ್ಳಲು ಹೋಗಲಿಲ್ಲ.

ಬಿಸಿಲೇರಿತು. ಇನ್ನು ಹೊರಡಬೇಕು ಎಂದು ಹಿಂದಕ್ಕೆ ಕೈ ಚಾಚಿ, "ಕೊಡಿ" ಅಂದರು. ರಾಡಿನ ಹಿಡಿ ಅಂಗೈಗೆ ತಗಲಿತು. ಎಳೆದರೆ ಬರಲಿಲ್ಲ. ಇನ್ನೊಮ್ಮೆ ಎಳೆದರು. ಸಿಕ್ಕಿಕೊಂಡ ವಸ್ತು ಎಳೆದಾಗ ಒಂದೇ ಸಮ ಬಿಗಿಯಾಗಿರುತ್ತದೆ. ಇದು ಹಾಗಲ್ಲ, ಎಳೆದಷ್ಟೂ ಆ ಕಡೆಯಿಂದ ಅಷ್ಟಷ್ಟೇ ಎಳೆಯುತ್ತಿತ್ತು. ಗಾಬರಿಯಲ್ಲಿ ಕೈ ಬಿಟ್ಟು ಹುಟ್ಟು ಹಿಡಿದು ದಡದ ಕಡೆಗೆ ಮೀಟಿದರು. ಮೀಟಿದಷ್ಟೂ ದಡ ದೂರವಾಗುತ್ತಿತ್ತು. ಗಾಳಿಯಿರಲಿಲ್ಲ. ದೋಣಿ ಹಿಂದುಹಿಂದಕ್ಕೆ ಕೆರೆಯ ನಡುವಿನ ಕಪ್ಪು ನೀರಿನತ್ತ, ಗೂಳಪ್ಪ ಬಲೆ ಬೀಸಲೂ ಹೋಗದ ಮಡುವಿನತ್ತ, ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ದಡದಲ್ಲಿ ಮಯೂರ್ ಕೈ ಬೀಸುತ್ತಿದ್ದ. ಚೆನ್ನಾಗಿ ಮಾಡ್ತಿದೀಯಮ್ಮ ಎಂದು ಬೀಸುತ್ತಿದ್ದಾನೆ ಪಾಪ, ಅವನಿಗೇನು ಗೊತ್ತು.

ಸತ್ಯಭಾಮಮ್ಮ ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡರು. ಭಯಕ್ಕಿಂತ ಹೆಚ್ಚಾಗಿ ಅವರಿಗೆ ಸುಸ್ತಾಗಿತ್ತು. ಹೋಗಲಿ ಬಿಡು, ಎಲ್ಲಿಗಾದರೂ ಹೋಗಲಿ ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದು ಅವರಿಗೇ ಹಿತವಾಗಿತ್ತು, ಅದರಿಂದಲೇ ಬೆನ್ನು ತಣ್ಣಗಾಯಿತು.

"ರೀ, ಮಯೂರ್ ಕಾಯ್ತಿದಾನೆ" ಎಂದರು. ಜಗಳದ ಮೇಲೆ ರಾಜಿಗೆ ಬಂದವರ ದನಿ.

ದೋಣಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ರಾಡು ಅವರ ಎಡಭುಜಕ್ಕೆ ಒರಗಿತು. ತೆಗೆದುಕೊಂಡು ಕಾಲಿನ ಬಳಿ ಇಟ್ಟುಕೊಂಡರು. ಹುಟ್ಟು ಹಾಕಿದ್ದೇ ದೋಣಿ ದಡಕ್ಕೆ ಬಂತು.

ಮಯೂರ್ ಹಿಗ್ಗಿಹೋಗಿದ್ದ. ಅಮ್ಮನನ್ನು ಕೈಹಿಡಿದು ಇಳಿಸಿಕೊಂಡು, ದೋಣಿ ಮಾರುವ ಮಾತೇ ಇಲ್ಲ, ನೀನು ಸಖತ್ತಾಗಿ ಸಂಭಾಳಿಸಿದೆ ಎಂದ. ಆಕೆ ಬಳ್ಳಿಯೋ ಪಾಚಿಯೋ ಸುತ್ತಿಕೊಂಡಿರಬೇಕು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆಗ ಗೂಳಪ್ಪ ಹೊಂಗೆಮರದ ಬುಡದಿಂದ ನೀರಿನ ಕ್ಯಾನನ್ನು ಎತ್ತಿಕೊಂಡು ಬಂದ. "ಅಮ್ಮೋ, ಇದ್ನ ಇಲ್ಲೇ ಬುಟ್ಟು ಹೋಗಿದ್ರಲ್ಲ. ಮೂತಿ ಮುಳುಗ್ತದೆ ಅಂತ ನೋಡ್ತಾನೇ ಇದ್ದೆ, ಮುಳುಗ್ಲೇ ಇಲ್ಲ" ಎಂದ. ಸತ್ಯಭಾಮಮ್ಮ ಕ್ಯಾನನ್ನು ನೋಡಿದರು. ಕತ್ತಿನವರೆಗೂ ನೀರು ತುಂಬಿತ್ತು.

ಮಂಗಳವಾರ ಬಸವಂತನೇ ಫೋನು ಮಾಡಿದ. ಹೋಲ್ಡರು ಬಂದಿದೆ, ದೋಣಿ ಕಳಿಸಿ ಎಂದ. ಯಾವ ಹೋಲ್ಡರು ಎಂದು ಕೇಳಿದರು ಸತ್ಯಭಾಮಮ್ಮ. ಮೊದಲು ತರಿಸಿದ ಕೊಳವೆಯ ಕುತ್ತಿಗೆ ಸೀಳಿತ್ತು, ಅದಕ್ಕೆ ವಾಪಸ್ಸು ಕಳಿಸಿದೆ, ಶನಿವಾರವೇ ಮಯೂರ್ ಸಾರ್‌ಗೆ ಫೋನಿನಲ್ಲಿ ಹೇಳಿದ್ದೆನಲ್ಲ ಎಂದ ಅವನು. ಮಯೂರನನ್ನು ಕೇಳಿದರೆ ಮುಖ ಬಿಳಿಚಿತು. ಫೋನು ಬಂದದ್ದು ನಿಜ, ಮೀಟಿಂಗಿನಲ್ಲಿದ್ದೆ, ಆಯ್ತು ಆಯ್ತು ಅಂದಿದ್ದೆ, ರೆಡಿಯಾಗಿದೆ ಅಂತಲೇ ತಿಳಿದುಕೊಂಡೆ. ಸಂಜೆ ಹೋದಾಗ ಶೆಡ್ಡಿನಲ್ಲಿದ್ದವನು ಹೊಸಬ, ದೋಣಿಗೆ ಕವರು ಹಾಕಿತ್ತು, ಹಾಗೇ ಕಟ್ಟಿಕೊಂಡು ಬಂದೆ. ಕೆರೆಯಲ್ಲೂ ಮಬ್ಬುಗತ್ತಲಲ್ಲಿ ಹಿಂದಿನ ಸೀಟಿನ ಕಡೆ ನೋಡಲಿಲ್ಲ.

ತಾಯಿ ಮಗ ಪೋರ್ಟಿಕೋಗೆ ಬಂದು ಕವರು ಸರಿಸಿದರು. ಹಿಂದಿನ ಸೀಟಿನ ಎಡಕ್ಕೆ ಪೆನ್ಸಿಲಿನ ಸುತ್ತು ಗೆರೆ ಹಾಗೇ ಇತ್ತು. ಅದರೊಳಗೆ ತೂತಿಲ್ಲ, ಕೊಳವೆಯಿಲ್ಲ, ಸ್ಕ್ರೂ ಇಳಿದ ಗುರುತೂ ಇಲ್ಲ. ಸತ್ಯಭಾಮಮ್ಮ ಬೆರಳಿನಿಂದ ಸವರಿದರು. ನುಣ್ಣಗಿತ್ತು.

"ನಾನೇ ನೋಡಿದೀನಮ್ಮ. ನಿನ್ನ ಹಿಂದೆ ರಾಡು ನೆಟ್ಟಗೆ ನಿಂತಿತ್ತು" ಎಂದ ಮಯೂರ್. ಅಮ್ಮನ ಸೆರಗಿನ ತುದಿಯನ್ನು ಹಿಡಿದುಕೊಂಡು ನಿಂತಿದ್ದ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಹಿಡಿಯುತ್ತಿದ್ದ ಹಾಗೆ.

ಆ ರಾತ್ರಿ ಸತ್ಯಭಾಮಮ್ಮನಿಗೆ ನಿದ್ದೆ ಹತ್ತಲಿಲ್ಲ. ಹೆದರಿದ್ದರು ಎಂದರೆ ಅರ್ಧ ಸುಳ್ಳು. ಮತ್ತೆ ಹೋಗಬೇಕೆನ್ನಿಸುತ್ತಿತ್ತು, ಈಗಲೇ ಹೋಗಬೇಕೆನ್ನಿಸುತ್ತಿತ್ತು. ಹೋಲ್ಡರು ಗೀಲ್ಡರು ಏನೂ ಬೇಡ, ಹಿಂದಕ್ಕೆ ಕೈ ಚಾಚಿದರೆ ಅವರಿದ್ದಾರೆ. ಆದರೆ ಇನ್ನೊಂದು ಸಲ ಆ ಮಡುವಿನ ಕಡೆ ದೋಣಿ ಹೊರಟರೆ ತಾವು ಬೇಡವೆನ್ನುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಆಗ ದಡದಲ್ಲಿ ಕೈ ಬೀಸುತ್ತಾ ಉಳಿಯುವುದು ಮಯೂರನೊಬ್ಬನೇ.

ಮರುದಿನ ಇಬ್ಬರೂ ದೋಣಿಯನ್ನು ಬಿಟಿಎಂಗೆ ಒಯ್ದರು. ಬಸವಂತ ಹೊಸ ಕೊಳವೆಯನ್ನು ತೋರಿಸಿ, ಹಿಂದೆಯೇ ಹಾಕುವುದೋ ಎಂದು ಕೇಳಿದ. ಬೇಡ, ತೋಳಿನದನ್ನು ಹಾಕು, ಮುಂದೆ, ಮೊಣಕಾಲಿನ ಆಚೆ, ನೀನು ಹೇಳಿದ ಕಡೆಯೇ ಎಂದರು ಸತ್ಯಭಾಮಮ್ಮ. ಅವರ ದನಿ ಕೇಳಿ ಅವನು ಯಾಕೆ ಏನು ಎಂದು ವಿಚಾರಿಸಲಿಲ್ಲ. ದೋಣಿಯನ್ನು ಟೈರಿನ ಮೇಲಿಟ್ಟು, ಕೂತು ಕೈ ಚಾಚಿ ತೋರಿಸ್ರಿ ಎಂದ.

ಸತ್ಯಭಾಮಮ್ಮ ಮುಂದಿನ ಸೀಟಿನಲ್ಲಿ ಕೂತರು. ಬಸವಂತ ಪೆನ್ಸಿಲು ಹಿಡಿದು ಬಗ್ಗಿದವನು ಹಾಗೇ ನಿಂತ. ಸಿಮೆಂಟು ಕಲ್ಲು ಮೂಲೆಯಲ್ಲೇ ಇತ್ತು, ಅವನಿನ್ನೂ ತಂದಿಟ್ಟಿರಲಿಲ್ಲ. ಮೂತಿ ನೆಲಕ್ಕೆ ಬಡಿದಿರಲಿಲ್ಲ. ದೋಣಿ ಟೈರಿನ ಮೇಲೆ ಸಮನಾಗಿ ನಿಂತಿತ್ತು. ನೋಡುತ್ತಿದ್ದಂತೆ ಮೂತಿ ಒಂದು ಗೇಣು ಮೇಲಕ್ಕೆದ್ದು, ಹಿಂಭಾಗ ತಗ್ಗಿತು. ಯಾರೋ ಹುಷಾರಾಗಿ ಕಾಲು ಚಾಚಿಕೊಂಡು ಕೂತ ಹಾಗೆ.

"ಅಕ್ಕಾರ, ಹಿಂದಕ್ಕ ಒರಗಬ್ಯಾಡ್ರಿ" ಎಂದ ಬಸವಂತ, ದನಿ ಇಳಿಸಿ. ಆಕೆ ಒರಗಿರಲಿಲ್ಲ. ಬೆನ್ನು ನೆಟ್ಟಗಿತ್ತು.

ಮಯೂರ್ ಶೆಡ್ಡಿನ ಬಾಗಿಲಲ್ಲಿ ದೋಣಿಯ ಕವರನ್ನು ಎದೆಗವಚಿಕೊಂಡು ನಿಂತಿದ್ದ. ಸತ್ಯಭಾಮಮ್ಮ ಅವನನ್ನೇ ನೋಡುತ್ತಿದ್ದರು. ಅವರ ಎಡಗೈ ತಾನಾಗಿಯೇ ಭುಜದವರೆಗೂ ಎದ್ದಿತು. ಹಿಂದಕ್ಕೆ ಚಾಚಿದರೆ ಸಾಕು, ಹಿಡಿದುಕೊಳ್ಳಲು ಅಲ್ಲಿ ಕೈಯಿದೆ. ಗಂಡನ ಆ ಎಡಗೈಯ ಬೆರಳಿನಲ್ಲಿ ಸೀಮೆಸುಣ್ಣ ಹಿಡಿದು ಹಿಡಿದು ಎದ್ದಿದ್ದ ಗಂಟು ಕೂಡ ಅವರಿಗೆ ನೆನಪಿತ್ತು. ಕಣ್ಣಿನಲ್ಲಿ ನೀರು ತುಂಬಿ ಮಯೂರ್ ಕಾಣದಾದ. ಕೈಯನ್ನು ಕೆಳಗಿಳಿಸಿ ಮಡಿಲಲ್ಲಿ ಒತ್ತಿ ಹಿಡಿದರು. ತಿರುಗಿ ನೋಡಲಿಲ್ಲ.

"ರೀ, ಇಳೀರಿ" ಎಂದರು. "ಇನ್ನು ನಾನು ನೋಡ್ಕೋತೀನಿ."

ಏನೂ ಆಗಲಿಲ್ಲ. ಹೊರಗೆ ರಸ್ತೆಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಆಮೇಲೆ ಹಿಂದಿನ ಸೀಟಿನ ಪ್ಲಾಸ್ಟಿಕ್ಕು ಸಣ್ಣಗೆ ಕಿರುಗುಟ್ಟಿತು. ದೋಣಿ ಒಮ್ಮೆ ಎಡಕ್ಕೆ ವಾಲಿತು, ಇಳಿಯುವವರು ಅಂಚಿಗೆ ಕೈ ಊರಿದಾಗ ವಾಲುವಷ್ಟು. ಮರುಕ್ಷಣ ಮೂತಿ ದಪ್ಪೆಂದು ನೆಲಕ್ಕೆ ಬಡಿಯಿತು.

ಬಸವಂತ ಪೆನ್ಸಿಲು ಕೆಳಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಸತ್ಯಭಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕಲ್ಲು ತಂದಿಡು ಎಂದು ಅವನಿಗೆ ಹೇಳಿದರು. ಅವನು ತಂದಿಟ್ಟ. ದೋಣಿ ಸಮವಾಯಿತು. ಆಕೆ ಕಣ್ಣು ತೆರೆದುಕೊಂಡೇ ಮೊಣಕಾಲಿನ ಆಚೆಗೆ ಕೈ ಚಾಚಿದರು. ಬಸವಂತ ಕೆಳಗೆ ಬಿದ್ದ ಪೆನ್ಸಿಲನ್ನು ಎತ್ತಿಕೊಂಡು ಆ ಜಾಗಕ್ಕೆ ಗುರುತು ಹಾಕಿದ.